ನಲವತ್ತೊಂದನೆಯ ಪುಟದ ಕೊನೆಯ ಸಾಲು

"ಈ ಉಲ್ಲೇಖ ಯಾವುದು ಮೇಡಂ, ತೀರ್ಪೋ ಲೇಖನವೋ?" ಎಂದು ನ್ಯಾಯಾಧೀಶರು ಕೇಳಿದಾಗ ಊಟದ ಬಿಡುವಿಗೆ ಹತ್ತು ನಿಮಿಷ ಬಾಕಿ ಇತ್ತು. ಪುತ್ತೂರಿನ ಕೋರ್ಟಿನಲ್ಲಿ ಆ ದಿನ ನನ್ನದು ಅದು ಐದನೆಯ ಕೇಸು. ಬೆಳಗ್ಗಿನಿಂದ ನಿಂತು ನಿಂತು ಸೊಂಟ ಹಿಡಿದುಕೊಂಡಿತ್ತು. ಲಿಖಿತ ವಾದ ಕೊಟ್ಟಾಗಿದೆ, ಇನ್ನು ತೀರ್ಪಿಗೆ ವಾಯಿದೆ ಕೇಳಿ ಹೊರಗೆ ಹೋಗಿ ಕೂರುವುದು ಎಂದುಕೊಂಡಿದ್ದೆ.

"ಲೇಖನ ಸ್ವಾಮಿ," ಎಂದೆ.

"ಒಂಬತ್ತನೇ ಪ್ಯಾರಾದಲ್ಲಿ ವರ್ಷ ಬರೆದಿದ್ದೀರಿ, ಕಾನೂನು ವರದಿಯ ಹೆಸರು ಬರೆದಿದ್ದೀರಿ, ಪುಟ ನಲವತ್ತೊಂದು ಅಂತ ಇದೆ. ನಾನು ಸಂಪುಟ ತೆಗೆದು ನೋಡಿದೆ. ನಲವತ್ತೊಂದರಲ್ಲಿ ಲಾರಿ ಅಪಘಾತದ ತೀರ್ಪಿದೆ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ. ಅವರು ಬಯಲುಸೀಮೆಯಿಂದ ವರ್ಗವಾಗಿ ಬಂದು ಎರಡು ತಿಂಗಳಾಗಿತ್ತಷ್ಟೆ. "ಲೇಖನ ಆದರೆ ಬರೆದವರ ಹೆಸರು ಬೇಕು, ಲೇಖನದ ಹೆಸರು ಬೇಕು, ಅದು ಶುರುವಾಗುವ ಪುಟ ಯಾವುದು, ನೀವು ಎತ್ತಿಕೊಂಡ ಸಾಲು ಇರುವ ಪುಟ ಯಾವುದು, ಎರಡೂ ಬೇಕು. ಆ ಸಾಲಿರುವ ಪುಟದ್ದೊಂದು ಜೆರಾಕ್ಸ್ ಕೊಡಿ. ಮುಂದಿನ ಶುಕ್ರವಾರ," ಎಂದು ಕಡತ ಮುಚ್ಚಿದರು.

ನನಗೆ ಸಿಟ್ಟು ಬಂತು. ಆ ಸಾಲನ್ನು ನಾನು ಅದಕ್ಕಿಂತ ಮುಂಚೆ ಎಂಟು ಕೇಸುಗಳಲ್ಲಿ ಬಳಸಿದ್ದೆ. ಯಾರೂ ತಕರಾರು ತೆಗೆದಿರಲಿಲ್ಲ. ಸಿಟ್ಟು ಇಳಿದ ಮೇಲೆ ಹೊಳೆದದ್ದು, ಆ ಲೇಖನವನ್ನು ನಾನು ಕಣ್ಣಿನಲ್ಲಿ ಕಂಡೇ ಇರಲಿಲ್ಲ.

ಕೇಸು ಕಡಬದ ಕಡೆಯದ್ದು. ನನ್ನ ಕಕ್ಷಿದಾರರು ಕಡಬ ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡ ನಲವತ್ತೈದರ ಆಸುಪಾಸಿನ ಹೆಂಗಸು. ಅವರ ಗಂಡನಿಗೆ ಸಕ್ಕರೆ ಕಾಯಿಲೆ. ಒಂದು ಕಾಲು ಮೊಣಕಾಲಿನ ಕೆಳಗೆ ತೆಗೆದಾಗಿದೆ, ಕಿಡ್ನಿಯೂ ಸೋತಿದೆ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಪುತ್ತೂರಿಗೆ ಬರಬೇಕು. ಮನೆಯ ಅಂಗಳದವರೆಗೆ ಆಟೋ ಬರುತ್ತಿದ್ದ ಮಣ್ಣಿನ ದಾರಿಗೆ ಪಕ್ಕದ ಜಮೀನಿನವರು ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದರು. ಅಂದಿನಿಂದ ಆ ಮನುಷ್ಯನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಹೊತ್ತು, ತೋಡು ದಾಟಿ, ಗುಡ್ಡೆ ಹತ್ತಿಸಿ ರಸ್ತೆಗೆ ತರಬೇಕು. ಮಳೆಗಾಲದಲ್ಲಿ ತೋಡು ತುಂಬಿದ ಎರಡು ದಿನ ಡಯಾಲಿಸಿಸ್ಸೇ ತಪ್ಪಿತ್ತು. ನಮಗೆ ಬೇಕಾಗಿದ್ದದ್ದು ಆಟೋ ಹೋಗುವ ಎಂಟು ಅಡಿ ದಾರಿ.

ತಂತಿ ಎಳೆದ ಜಾಗ ಕುಮ್ಕಿ. ನಮ್ಮ ಜಿಲ್ಲೆಯ ಹೊರಗೆ ಈ ಶಬ್ದ ಹೇಳಿದರೆ ಮುಖ ಮುಖ ನೋಡುತ್ತಾರೆ. ಹಳೆಯ ಪಟ್ಟಾ ಜಮೀನಿನ ಗಡಿಯಿಂದ ನೂರು ಗಜದೊಳಗಿನ ಸರ್ಕಾರಿ ಜಾಗ ಅದು; ಜಮೀನಿನವರಿಗೆ ಅಲ್ಲಿ ಸೊಪ್ಪು, ತರಗೆಲೆ, ಕಟ್ಟಿಗೆ ತೆಗೆಯುವ ಸವಲತ್ತು ಮಾತ್ರ, ಒಡೆತನ ಇಲ್ಲ. ಆದರೆ ತಲೆಮಾರುಗಳಿಂದ ಅದನ್ನು ಸ್ವಂತದ್ದೆಂದೇ ತಿಳಿದು ಬೇಲಿ ಹಾಕುತ್ತಾರೆ. ಪುತ್ತೂರು, ಸುಳ್ಯದ ವಕೀಲರಿಗೆ ಕುಮ್ಕಿ ಜಗಳ ಅನ್ನ ಸಾರಿದ್ದ ಹಾಗೆ. ದಿನಾ ಉಣ್ಣುವುದನ್ನು ಯಾರೂ ಪುಸ್ತಕ ನೋಡಿ ಉಣ್ಣುವುದಿಲ್ಲ. ಸೀನಿಯರ್ ಹತ್ತಿರ ಒಂದು ಮಾದರಿ ಫೈಲು ಇರುತ್ತದೆ, ಜೂನಿಯರ್ ಅದನ್ನು ನಕಲು ಮಾಡಿಕೊಳ್ಳುತ್ತಾನೆ, ಮುಂದೆ ಅವನ ಜೂನಿಯರ್ ಅವನದ್ದನ್ನು. ಹೆಸರು, ಸರ್ವೆ ನಂಬರು ಬದಲಾಗುತ್ತದೆ, ಒಂಬತ್ತನೆಯ ಪ್ಯಾರಾ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿದ್ದ ಆ ಸಾಲಿನ ಸಾರ ಇಷ್ಟು: ಕುಮ್ಕಿಯ ಸವಲತ್ತು ಉಳ್ಳವನು ನೆರೆಯವರು ವಾಡಿಕೆಯಿಂದ ಬಳಸಿಕೊಂಡು ಬಂದ ದಾರಿಗೆ, ಅದು ಎಷ್ಟೇ ಅಗಲವಿರಲಿ, ಅಡ್ಡಿ ಮಾಡುವಂತಿಲ್ಲ.

"ಎಷ್ಟೇ ಅಗಲವಿರಲಿ" ಎಂಬ ಎರಡು ಶಬ್ದದ ಮೇಲೆ ನನ್ನ ಎಂಟು ಅಡಿ ನಿಂತಿತ್ತು.

ಮಧ್ಯಾಹ್ನ ವಕೀಲರ ಸಂಘದ ಲೈಬ್ರರಿಗೆ ಹೋದೆ. ಆ ವರದಿ ವಾರವಾರ ಬಿಡಿ ಸಂಚಿಕೆಯಾಗಿ ಬರುತ್ತದೆ. ಒಂದೊಂದು ಸಂಚಿಕೆಯಲ್ಲೂ ತೀರ್ಪುಗಳ ಭಾಗ ಬೇರೆ, ಲೇಖನಗಳ ಭಾಗ ಬೇರೆ, ವರ್ಷದ ಮೊದಲ ಸಂಚಿಕೆಯಲ್ಲಿ ಎರಡಕ್ಕೂ ಪುಟ ಸಂಖ್ಯೆ ಒಂದರಿಂದ ಶುರುವಾಗಿ ವರ್ಷವಿಡೀ ಮುಂದುವರಿಯುತ್ತದೆ. ಆದ್ದರಿಂದ ಲೇಖನವನ್ನು ಉಲ್ಲೇಖಿಸುವಾಗ ವರದಿಯ ಹೆಸರಿನ ಮುಂದೆ 'ಲೇಖನ ವಿಭಾಗ' ಎಂದು ಕಾಣಿಸಲೇಬೇಕು. ಇಲ್ಲದಿದ್ದರೆ ಹುಡುಕುವವನು ಲಾರಿಯ ಅಡಿಗೇ ಬೀಳುತ್ತಾನೆ. ನಮ್ಮ ಲೈಬ್ರರಿಯ ಸಂಪುಟದಲ್ಲಿ ಲೇಖನ ವಿಭಾಗವೇ ಇರಲಿಲ್ಲ. ಸಂಪುಟ ದಪ್ಪವಾಗುತ್ತದೆಂದು ಬೈಂಡಿಂಗಿನವರು ಆ ಪುಟಗಳನ್ನು ಬಿಡಿಸಿ ಬೇರೆ ಕಟ್ಟು ಮಾಡಿದ್ದರಂತೆ. ಕಟ್ಟಿಗೆ ಗೆದ್ದಲು ಹಿಡಿದು ಎಷ್ಟೋ ವರ್ಷ ಆಗಿತ್ತು.

ಕಂಪ್ಯೂಟರಿನಲ್ಲಿ ಹುಡುಕಿದೆ. ನಾವು ಚಂದಾ ಕಟ್ಟುವ ತಾಣದಲ್ಲಿ ತೀರ್ಪುಗಳಿವೆ, ಆ ಕಾಲದ ಲೇಖನಗಳಿಲ್ಲ. ಕೊನೆಗೆ ಮೊಬೈಲಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಆ್ಯಪಿಗೆ ಕೇಳಿದೆ. ಅದು ಲೇಖಕರ ಹೆಸರು, ಸಂಪುಟ, ಪುಟ ಎಲ್ಲದರ ಸಮೇತ ಮೂರು ಲೇಖನ ಕೊಟ್ಟಿತು. ಹುಡುಕಿದರೆ ಮೂರೂ ಈ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ. ಅದಕ್ಕೆ ಬೈಯಲು ಹೊರಟವಳು ನನ್ನ ಎಂಟು ಕೇಸು ನೆನಪಾಗಿ ಸುಮ್ಮನಾದೆ.

ಮರುದಿನ ಸಂಜೆ ನರಿಮೊಗರಿಗೆ ಹೋದೆ. ನನ್ನ ಸೀನಿಯರ್ ಕೋರ್ಟು ಬಿಟ್ಟು ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಆ ಸಾಲು ನನಗೆ ಬಂದದ್ದು ಅವರ ಫೈಲಿನಿಂದ. ಚಾವಡಿಯಲ್ಲಿ ಕೂತು ಪೇಪರ್ ಓದುತ್ತಿದ್ದವರು ವಿಷಯ ಕೇಳಿ ಕನ್ನಡಕ ತೆಗೆದರು.

"ಅದು ನಾನೇ ಬರ್ಕೊಂಡು ಬಂದದ್ದು ಮಾರಾಯ್ತಿ. ಮಂಗಳೂರಿನಲ್ಲಿ ಒಬ್ರು ದೊಡ್ಡ ವಕೀಲ್ರ ಆಫೀಸಲ್ಲಿ ಕೂತು. ಆಗ ಜೆರಾಕ್ಸ್ ಎಲ್ಲಿತ್ತು? ಕೈಯಲ್ಲೇ ಬರೆಯುದು."

"ಪೂರ್ತಿ ಲೇಖನ ಓದಿದ್ರಾ ಸರ್?"

ಅವರು ಪೇಪರ್ ಮಡಚಿ ಬದಿಗಿಟ್ಟರು. "ಒಂದು ಪುಟ ಬರೆಯುವಾಗ ಅವರು ಆಫೀಸು ಬಾಗಿಲು ಹಾಕ್ಲಿಕ್ಕೆ ಎದ್ರು. ನನಗೆ ಕಡೇ ಬಸ್ಸು ಹಿಡಿಲಿಕ್ಕಿತ್ತು. ಉಳಿದದ್ದು ಇನ್ನೊಮ್ಮೆ ಬಂದು ನೋಡಿದ್ರಾಯ್ತು ಅಂತ ಬಂದೆ. ಮತ್ತೆ ಹೋಗ್ಲೇ ಇಲ್ಲ." ಆಮೇಲೆ ನನ್ನನ್ನು ನೋಡಿ, "ನೀನಾದ್ರೂ ನೋಡ್ಬೇಕಿತ್ತಲ್ಲ, ಎಂತ ಮಾಡಿದ್ದಿ ಇಷ್ಟು ವರ್ಷ?" ಎಂದರು. ಬೈಗುಳ ಅವರಿಗೂ ಸೇರಿದ್ದು ಎಂದು ಅವರ ದನಿಯಲ್ಲೇ ಗೊತ್ತಾಗುತ್ತಿತ್ತು. ಲೇಖಕರ ಹೆಸರು ಅವರಿಗೆ ನೆನಪಿರಲಿಲ್ಲ. ನಿವೃತ್ತ ಕಂದಾಯ ಅಧಿಕಾರಿಯೊಬ್ಬರು ಎಂದಷ್ಟೇ ಹೇಳಿದರು.

ಬುಧವಾರ ಮಧ್ಯಾಹ್ನದ ಮೇಲಿನ ಕೇಸುಗಳನ್ನು ಬೇರೆಯವರಿಗೆ ಒಪ್ಪಿಸಿ ಸುಳ್ಯದ ಬಸ್ಸು ಹತ್ತಿದೆ. ಕುಂಬ್ರದವರೆಗೆ ನಿಂತೇ ಹೋದೆ. ಸುಳ್ಯದಲ್ಲಿ ಹಳೆಯ ವರದಿಗಳನ್ನು ಬಿಡಿಸದೆ ಇಟ್ಟುಕೊಂಡ ಒಂದು ಲೈಬ್ರರಿ ಇದೆ ಎಂದು ಕೇಳಿದ್ದೆ. ಅಲ್ಲಿನ ಲೈಬ್ರೇರಿಯನ್ ನನ್ನ ವಯಸ್ಸಿನವರೇ; ಫೋನಿನಲ್ಲಿ ಯಾರೊಡನೆಯೋ ಆ ಕಡೆಯವರ ಮನೆಮಾತಾದ ಅರೆಭಾಷೆಯಲ್ಲಿ ಮಾತಾಡುತ್ತಲೇ ನನಗೆ ಸಂಪುಟ ತೋರಿಸಿದರು. ಲೇಖನ ವಿಭಾಗ ಇತ್ತು. ನಲವತ್ತೊಂದನೆಯ ಪುಟವೂ ಇತ್ತು. ಅದರಲ್ಲಿದ್ದದ್ದು ಬಾಡಿಗೆ ಮನೆ ಖಾಲಿ ಮಾಡಿಸುವ ಬಗ್ಗೆ ಲೇಖನ.

ನಾನು ಕುರ್ಚಿಯಲ್ಲಿ ಹಾಗೆಯೇ ಕೂತುಬಿಟ್ಟೆ. ಅವರು ಫೋನಿಟ್ಟು ಬಂದು, "ಎಂತಾಯ್ತು, ಸಿಗ್ಲಿಲ್ವಾ?" ಎಂದರು. ಹೇಳಿದೆ.

"ಈ ವರ್ಷ ಎಲ್ಲಿಂದ ಬರ್ಕೊಂಡದ್ದು? ಪುಸ್ತಕದ ಬೆನ್ನಿಂದಲಾ?"

"ಇರಬಹುದು. ಗೊತ್ತಿಲ್ಲ."

"ಕೆಲವು ಕಡೆ ಬೈಂಡ್ ಮಾಡಿಸಿದ ವರ್ಷವನ್ನೇ ಬೆನ್ನ ಮೇಲೆ ಹಾಕ್ತಾರೆ ಮೇಡಂ. ಒಳಗಿನ ಸಂಚಿಕೆ ಹಿಂದಿನ ವರ್ಷದ್ದಿರ್ತದೆ. ನಿಲ್ಲಿ, ಅದನ್ನೂ ತೆಗೆದು ಕೊಡ್ತೇನೆ."

ಹಿಂದಿನ ವರ್ಷದ್ದರಲ್ಲಿ ಸಿಕ್ಕಿತು. ಲೇಖನ ವಿಭಾಗದ ಮೂವತ್ತೇಳನೆಯ ಪುಟದಲ್ಲಿ ಶುರು. ದಕ್ಷಿಣದ ಕರಾವಳಿಯ ಕುಮ್ಕಿ ಸವಲತ್ತು ಎಂಬ ಅರ್ಥದ ತಲೆಬರಹ, ಕೆಳಗೆ ಲೇಖಕರ ಹೆಸರು. ಅದನ್ನು ನೋಡಿ ನನಗೆ ಆದ ಖುಷಿ ಮಕ್ಕಳು ಪಾಸಾದಾಗಲೂ ಆಗಿರಲಿಲ್ಲ. ಮೊದಲು ನೋಟ್‌ಬುಕ್ಕಿನಲ್ಲಿ ಉಲ್ಲೇಖವನ್ನು ಸರಿಯಾಗಿ ಬರೆದುಕೊಂಡೆ: ಲೇಖಕ, ತಲೆಬರಹ, ವರ್ಷ, ವರದಿಯ ಹೆಸರು, ಲೇಖನ ವಿಭಾಗ, ಆರಂಭದ ಪುಟ ಮೂವತ್ತೇಳು, ಉದ್ಧರಿಸಿದ ಪುಟ ನಲವತ್ತೊಂದು. ಆಮೇಲೆ ನಲವತ್ತೊಂದಕ್ಕೆ ಹೋದೆ. ನಮ್ಮ ಸಾಲು ಪುಟದ ಕಟ್ಟಕಡೆಗಿತ್ತು, ಅಕ್ಷರ ಅಕ್ಷರವೂ ಸರಿಯಾಗಿ. ಪೂರ್ಣವಿರಾಮಕ್ಕೆ ಪುಟವೂ ಮುಗಿದಿತ್ತು.

ಮಗುಚಿದೆ. ನಲವತ್ತೆರಡನೆಯ ಪುಟದ ಮೊದಲ ಸಾಲು ಹೀಗಿತ್ತು: ಇದು ದಾರಿ ಬೇಕೆನ್ನುವವರು ಸಾಮಾನ್ಯವಾಗಿ ಮಂಡಿಸುವ ವಾದ, ಇದನ್ನು ಒಪ್ಪಲಾಗದು.

ಮೂರು ಸಲ ಓದಿದೆ. ಮುಂದಿನ ಎರಡು ಪುಟಗಳಲ್ಲಿ ಲೇಖಕರು ಆ ವಾದವನ್ನು ಬಿಡಿಸಿ ಬಿಡಿಸಿ ಒಗೆದಿದ್ದರು. ಕೊನೆಗೆ ಹೇಳಿದ್ದು ಇಷ್ಟು: ಹಳೆಯ ಸರ್ವೆ ನಕ್ಷೆಯಲ್ಲಿ ದಾರಿ ಗುರುತಾಗಿದ್ದರೆ ಕುಮ್ಕಿಯವನು ಅದನ್ನು ಮುಚ್ಚುವಂತಿಲ್ಲ, ಆದರೆ ಯಾವ ಬಗೆಯ ದಾರಿಯೆಂದು ಗುರುತಾಗಿದೆಯೋ ಅಷ್ಟಕ್ಕೇ ಹಕ್ಕು. ನಾವೆಲ್ಲ ಇಷ್ಟು ವರ್ಷ ಲೇಖಕರ ಬಾಯಿಗೆ ಅವರ ಎದುರಾಳಿಯ ಮಾತು ತುರುಕಿ ಕೋರ್ಟಿಗೆ ಕರೆದುಕೊಂಡು ಹೋಗುತ್ತಿದ್ದೆವು.

"ಎಷ್ಟು ಪುಟ ಜೆರಾಕ್ಸ್ ಮಾಡ್ಲಿ?" ಎಂದು ಲೈಬ್ರೇರಿಯನ್ ಕೇಳಿದರು.

ನಾನು ಕೂಡಲೇ ಉತ್ತರ ಕೊಡಲಿಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕು. ನ್ಯಾಯಾಧೀಶರು ಕೇಳಿದ್ದು ಸಾಲಿರುವ ಪುಟ, ಒಂದೇ ಪುಟ. ಅದನ್ನು ಕೊಟ್ಟರೆ ಆಜ್ಞೆ ಪಾಲಿಸಿದ ಹಾಗಾಯಿತು. ಉಲ್ಲೇಖ ಕೂದಲೆಳೆಯಷ್ಟೂ ತಪ್ಪಿಲ್ಲ. ಆಟೋ ಓಡಾಡುತ್ತಿತ್ತೆಂದು ನಮ್ಮ ಸಾಕ್ಷಿಗಳು ಚೆನ್ನಾಗಿಯೇ ಹೇಳಿದ್ದರು. ಒಂದು ಹಾಳೆ, ಎಂಟು ಅಡಿ. "ಎಲ್ಲ ಮಾಡಿ," ಎಂದೆ. ಚೀಲದಲ್ಲಿ ಇಟ್ಟುಕೊಳ್ಳಲಿಕ್ಕೆ ಅಡ್ಡಿಯಿಲ್ಲವಲ್ಲ, ಕೊಡುವುದೆಷ್ಟು ಎಂದು ಆಮೇಲೆ ನೋಡಿದರಾಯಿತು ಎಂಬ ಲೆಕ್ಕ ಅದು.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ದಣಿದಿದ್ದೆ, ನಿದ್ದೆ ಬರಲಿಲ್ಲ. ಎದುರು ವಕೀಲರು ಹುಡುಕಲಿಕ್ಕಿಲ್ಲ. ಹೊಸ ನ್ಯಾಯಾಧೀಶರಿಗೆ ಕುಮ್ಕಿ ಎಂದರೇನೆಂದು ಗೊತ್ತಿಲ್ಲ. ನಾನು ಕೊಟ್ಟದ್ದನ್ನು ನಂಬಿ ಅವರು ತೀರ್ಪು ಬರೆಯುತ್ತಾರೆ. ಹಾಗೆ ನಂಬುತ್ತಾರೆ ಎಂಬುದೇ ನನ್ನನ್ನು ಚುಚ್ಚಿತು. ಗೊತ್ತಿದ್ದವರ ಎದುರು ಸ್ವಲ್ಪ ಎಳೆದಾಡುವುದು ನಮ್ಮ ಕಸುಬು. ಗೊತ್ತಿಲ್ಲದೆ ಕೇಳಿದವರಿಗೆ ಅರ್ಧ ಹಾಳೆ ಕೊಡಲು ಮನಸ್ಸು ಒಪ್ಪಲಿಲ್ಲ. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ, ಸಿಕ್ಕಿಬೀಳುವ ಹೆದರಿಕೆಯೂ ಇತ್ತು. ಮನೆಗೆ ಬಂದು ಒಂದು ಪುಟದ ಮೆಮೊ ಟೈಪ್ ಮಾಡಿದೆ: ಒಂಬತ್ತನೆಯ ಪ್ಯಾರಾದಲ್ಲಿ ಉದ್ಧರಿಸಿದ ಸಾಲು ಲೇಖಕರ ಅಭಿಪ್ರಾಯವಲ್ಲ, ಅದನ್ನು ಹಿಂದಕ್ಕೆ ಪಡೆಯುತ್ತೇನೆ, ಸರಿಯಾದ ಉಲ್ಲೇಖ ಹೀಗಿದೆ, ಪೂರ್ತಿ ಲೇಖನ ಲಗತ್ತಿಸಿದ್ದೇನೆ. ಜೊತೆಗೆ ಕೇಸನ್ನು ಪುನಃ ತೆರೆದು ಹಳೆಯ ಸರ್ವೆ ನಕ್ಷೆ ಹಾಜರುಪಡಿಸಲು ಅನುಮತಿ ಕೋರಿ ಒಂದು ಅರ್ಜಿ.

ಶುಕ್ರವಾರ ನ್ಯಾಯಾಧೀಶರು ಮೆಮೊ ಓದಿದರು, ನಲವತ್ತೊಂದು ಓದಿದರು, ಮಗುಚಿ ನಲವತ್ತೆರಡು ಓದಿದರು. ನನ್ನ ಮುಖ ನೋಡಿ, ಎದುರು ವಕೀಲರ ಕಡೆ ತಿರುಗಿ ತಕರಾರು ಉಂಟೋ ಎಂದು ಕೇಳಿದರು. ಎದುರು ವಕೀಲರು ನಮ್ಮ ಪುತ್ತೂರು ಬದಿಯ ಸವಣೂರಿನವರು, ಮಾತಿನಲ್ಲಿ ಯಾರಿಗೂ ಸೋತವರಲ್ಲ. ಆ ದಿನ ಎದ್ದು ನಿಂತು, ಹಾಳೆ ತಿರುವಿ, ಅರ್ಜಿಗೆ ವಾಡಿಕೆಯ ಒಂದು ತಕರಾರು ಹೇಳಿ ಕೂತುಬಿಟ್ಟರು. ಅರ್ಜಿ ಮಂಜೂರಾಯಿತು. ಹೊರಗೆ ಮೆಟ್ಟಿಲ ಬಳಿ ಅವರು ನನ್ನನ್ನು ಹಿಡಿದರು.

"ನೀವು ಹೀಗೆ ಮಾಡಿದ್ರೆ ನಾವು ಎಂತ ಮಾಡುದು ಮಾರಾಯ್ರೆ? ಸುಳ್ಯದಲ್ಲಿ ನನ್ನದು ಎರಡು ಕೇಸು ಉಂಟು. ಎರಡರಲ್ಲೂ ನಾನು ದಾರಿ ಕೇಳುವವರ ಪರ. ಎರಡರಲ್ಲೂ ಅದೇ ಸಾಲು ಉಂಟು."

"ನನ್ನ ಮೆಮೊವನ್ನೇ ನಕಲು ಮಾಡಿ."

"ನಿಮಗೆ ನಗೆ," ಎಂದು ಅವರು ಕರಿಕೋಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕ್ಯಾಂಟೀನಿಗೆ ಹೋದರು.

ನಕ್ಷೆಯ ನಕಲಿಗೆ ಅರ್ಜಿ ಹಾಕಿ ನಾಲ್ಕು ಸಲ ಅಲೆದೆ. ಮೊದಲ ಸಲ ಗ್ರಾಮದ ಹೆಸರು ತಪ್ಪಿದ ನಕ್ಷೆ ಕೊಟ್ಟರು. ಕಡಬ ಹೊಸ ತಾಲೂಕಾದ ಮೇಲೆ ಯಾವ ದಾಖಲೆ ಎಲ್ಲಿದೆ ಎಂದು ಹೇಳುವವರೇ ಕಡಿಮೆ. ಎರಡನೆಯ ಸಲ ಸಂಬಂಧಪಟ್ಟವರು ರಜೆ. ಐದನೆಯ ಸಲ ಹಾಳೆ ಕೈಗೆ ಬಂತು. ಕಿಟಕಿಯ ಬೆಳಕಿಗೆ ಹಿಡಿದು ಸರ್ವೆ ನಂಬರು ಹುಡುಕಿದೆ. ಹಳೆಯ ನಕ್ಷೆಯಲ್ಲಿ ಜೋಡಿ ಚುಕ್ಕೆಗೆರೆ ಇದ್ದರೆ ಗಾಡಿದಾರಿ, ಒಂಟಿ ಚುಕ್ಕೆಗೆರೆ ಇದ್ದರೆ ಕಾಲುದಾರಿ. ದಾರಿ ಇತ್ತು. ಬೇಲಿ ಹಾಕಿದ ಜಾಗದಲ್ಲೇ ಇತ್ತು. ಗೆರೆ ಒಂಟಿ. ಮಡಿಕೆ ಬಿದ್ದಲ್ಲಿ ಇನ್ನೊಂದು ಗೆರೆ ಅಳಿಸಿಹೋಗಿರಬಹುದೇ ಎಂದು ಅಲ್ಲಿನ ಸಿಬ್ಬಂದಿಯ ಭೂತಗನ್ನಡಿ ಇಸಿದುಕೊಂಡು ನೋಡಿದೆ. ಒಂಟಿಯೇ. ಅಳು ಬರುವುದೊಂದು ಬಾಕಿ.

ತೀರ್ಪು ಎರಡು ತಿಂಗಳ ನಂತರ ಬಂತು. ತಂತಿ ತೆಗೆಯಬೇಕು, ನಕ್ಷೆಯ ಗೆರೆಯ ಉದ್ದಕ್ಕೆ ನಾಲ್ಕು ಅಡಿ ಕಾಲುದಾರಿ ಬಿಡಬೇಕು. ಗಾಡಿ ಹೋಗುವ ದಾರಿಯ ಕೋರಿಕೆ ವಜಾ.

ಆದೇಶದ ನಕಲು ತೆಗೆದುಕೊಳ್ಳಲು ಕಕ್ಷಿದಾರರು ನನ್ನ ಆಫೀಸಿಗೆ ಬಂದರು. ಗಂಡನನ್ನು ಡಯಾಲಿಸಿಸ್‌ಗೆ ಮಲಗಿಸಿ ಬಂದಿದ್ದರು, ಅವರಿಗೆ ಅಲ್ಲಿ ಇನ್ನೂ ಮೂರು ಗಂಟೆ ಇತ್ತು. ತೀರ್ಪು ಕನ್ನಡದಲ್ಲಿತ್ತು. ನಾನು ಬಾಯಲ್ಲಿ ಹೇಳಿದ್ದು ಸಾಲದೆ ಅವರೇ ಬೆರಳಿಟ್ಟು ಓದತೊಡಗಿದರು. ನಾಲ್ಕು ಅಡಿ ಸಿಕ್ಕಿತಲ್ಲ, ತೋಡು ದಾಟುವುದು ತಪ್ಪಿತಲ್ಲ, ಗಾಲಿಕುರ್ಚಿಯಾದರೂ ಹೋಗುತ್ತದೆ ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಅವರ ಬೆರಳು ಒಂದು ಕಡೆ ನಿಂತಿತು. ನಾನು ಆ ಪ್ಯಾರಾವನ್ನು ಅದಾಗಲೇ ಹತ್ತು ಸಲ ಓದಿದ್ದೆ, ಇಬ್ಬರು ಸ್ನೇಹಿತರಿಗೂ ತೋರಿಸಿದ್ದೆ. ಕೇಳಿದ್ದು ಒಂದು ಪುಟವಾದರೂ ವಾದಿಯ ವಕೀಲರು ತಮ್ಮ ಪಕ್ಷಕ್ಕೆ ವಿರುದ್ಧವಾದ ಮುಂದಿನ ಪುಟವನ್ನೂ ಪ್ರಾಮಾಣಿಕವಾಗಿ ಹಾಜರುಪಡಿಸಿದ್ದಾರೆ ಎಂದು ನ್ಯಾಯಾಧೀಶರು ಅದರಲ್ಲಿ ಮೆಚ್ಚಿ ಬರೆದಿದ್ದರು.

"ಇದೆಂತ ಮೇಡಂ, ಮುಂದಿನ ಪುಟ ಅಂದ್ರೆ?"

ಹೇಳಿದೆ. ಮುಚ್ಚಿಡಲಿಲ್ಲ.

"ಒಂದೇ ಪುಟ ಕೊಟ್ಟಿದ್ರೆ ಆಟೋ ಹೋಗುವಷ್ಟು ಸಿಗ್ತಿತ್ತಾ?"

"ಸಿಗ್ತಿತ್ತೋ ಏನೋ. ಆದ್ರೆ ಮೇಲಿನ ಕೋರ್ಟಿನಲ್ಲಿ ಅದು ನಿಲ್ತಿರ್ಲಿಲ್ಲ."

"ಅದಕ್ಕೆ ಎಷ್ಟು ವರ್ಷ ಹಿಡಿತಿತ್ತು?"

"ಐದಾರು ವರ್ಷ."

"ಇವರಿಗೆ ಡಾಕ್ಟ್ರು ಅಷ್ಟು ಹೇಳ್ಲಿಲ್ಲ."

ಫ್ಯಾನು ತಿರುಗುತ್ತಿತ್ತು, ಹಾಳೆ ಹಾರದಂತೆ ಅವರು ಅಂಗೈಯಿಂದ ಒತ್ತಿ ಹಿಡಿದಿದ್ದರು. ವಕೀಲಳಾದ ನನಗೆ ಬೇರೆ ದಾರಿ ಇರಲಿಲ್ಲ, ಕೋರ್ಟಿಗೆ ಸುಳ್ಳು ಕೊಡುವಂತಿಲ್ಲ ಎಂದೆಲ್ಲ ಹೇಳಿದೆ. ಅವರು ಕೇಳಿಸಿಕೊಂಡರು.

"ಸುಳ್ಳು ಕೊಡಿ ಅಂತ ನಾನು ಹೇಳುದಿಲ್ಲ ಮೇಡಂ. ನಾನೂ ಎರಡೂ ಕೊಡಿ ಅಂತಲೇ ಹೇಳ್ತಿದ್ದೆನೋ ಏನೋ. ಆದ್ರೆ ನನ್ನ ಹತ್ರ ಒಂದು ಮಾತು ಹೇಳ್ಬೇಕಿತ್ತು. ಆ ಶುಕ್ರವಾರ ನಾನು ಹಿಂದೆ ನಿಂತಿದ್ದೆ. ನೀವು ಎಂತದೋ ಕಾಗದ ಕೊಟ್ರಿ, ಜಡ್ಜ್ರು ತಲೆ ಆಡಿಸಿದ್ರು. ನಮಗೆ ಒಳ್ಳೇದಾಯ್ತು ಅಂತ ಮನೆಗೆ ಹೋಗಿ ಇವರಿಗೆ ಹೇಳಿದೆ. ಆ ದಿನ ಇವರು ಎರಡು ತುತ್ತು ಹೆಚ್ಚು ಉಂಡ್ರು."

ಒಂದು ಸಾಲಿಗಾಗಿ ಲೈಬ್ರರಿ, ನರಿಮೊಗರು, ಸುಳ್ಯ ಎಂದು ಸುತ್ತಿದ ಆ ಒಂದು ವಾರದಲ್ಲಿ ಇವರಿಗೆ ಒಂದು ಫೋನು ಮಾಡಬೇಕೆಂದು ನನಗೆ ಒಮ್ಮೆಯೂ ತೋಚಿರಲಿಲ್ಲ. ಯಾರದ್ದೋ ಅಭಿಪ್ರಾಯವನ್ನು ಸರಿಯಾಗಿ ಹೇಳಬೇಕೆಂದು ಅಷ್ಟು ಒದ್ದಾಡಿದವಳು ಇವರ ಅಭಿಪ್ರಾಯ ಕೇಳಿರಲೇ ಇಲ್ಲ.

"ತಪ್ಪಾಯ್ತು," ಎಂದೆ. ಇಷ್ಟು ವರ್ಷದ ವಕೀಲಿಕೆಯಲ್ಲಿ ಕಕ್ಷಿದಾರರೊಬ್ಬರಿಗೆ ಆ ಮಾತು ಹೇಳಿದ್ದು ಅದೇ ಮೊದಲು.

ಅವರು ತೀರ್ಪನ್ನು ಮಡಚಿ, ಗಂಡನ ಆಸ್ಪತ್ರೆ ಚೀಟಿಗಳಿದ್ದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಎದ್ದರು. ಬಾಗಿಲ ಬಳಿ ತಿರುಗಿ, "ನಾಲ್ಕಡಿ ಅಂದ್ರೆ ಎಷ್ಟು ಬರ್ತದೆ, ಸ್ವಲ್ಪ ಕೈಯಲ್ಲಿ ತೋರ್ಸಿ," ಎಂದರು.

ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ಅವರು ಅದನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತರು.